ಗದ್ದೆ ಮೇಲೆ ಈಗ ಹುಟ್ಟಿದ ಪ್ರೀತಿ

ನಮ್ಮ ಬಡಾವಣೆಯವರಿಗೆ ಇದ್ದಕ್ಕಿದ್ದಂತೆ ಗದ್ದೆ ಮೇಲೆ ಪ್ರೀತಿ ಉಕ್ಕಿದೆ. ನಿನ್ನೆ ಗಣಪತಿ ದೇವಸ್ಥಾನದಲ್ಲಿ ಮೀಟಿಂಗ್ ಇತ್ತು, ಮಂಡ್ಯದ ಹಸಿರು ಉಳಿಸೋದು ಹೇಗೆ ಅಂತ. ಬಂದವರೆಲ್ಲ ಗದ್ದೆ ಮೇಲೇ ಮನೆ ಕಟ್ಟಿಕೊಂಡವರು. ನಾನೂ ಸೇರಿ.

ವಿಷಯ ಇಷ್ಟೇ. ನಮ್ಮ ಪಕ್ಕದ ಮೂರು ಎಕರೆ ಚಿಲ್ಲರೆ ಜಾಗ ಮಾಸ್ಟರ್ ಪ್ಲಾನಿನಲ್ಲಿ ಇನ್ನೂ ಕೃಷಿ ವಲಯ. ಅದನ್ನು ವಸತಿಗೆ ಬದಲಾಯಿಸಿ ಕೊಡಿ ಅಂತ ಒಬ್ಬ ಬಿಲ್ಡರ್ ಅರ್ಜಿ ಹಾಕಿದ್ದಾನೆ. ರೋ ಹೌಸ್ ಕಟ್ಟುತ್ತಾನಂತೆ, ಗೋಡೆಗೆ ಗೋಡೆ ಸೇರಿದ ಎರಡು ಅಂತಸ್ತಿನ ಸಣ್ಣ ಮನೆಗಳು. ಆಕ್ಷೇಪಣೆ ಇದ್ದರೆ ಸಲ್ಲಿಸಿ ಅಂತ ಪೇಪರಿನಲ್ಲಿ ಪ್ರಕಟಣೆ ಬಂದಿದೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಪ್ರಕಾರ ಜನರನ್ನು ಕೇಳಲೇಬೇಕು, ಕನಿಷ್ಠ 15 ದಿನ ಟೈಮ್ ಕೊಡಲೇಬೇಕು. ಕಂದಾಯ ಕಟ್ಟುವ ತಾರೀಕು ನೆನಪಿರದವರಿಗೂ ಈಗ ಈ ಕಲಂ ಬಾಯಿಪಾಠ.

‘ಸಕ್ಕರೆ ನಾಡಿನ ಹಸಿರು ಉಳೀಬೇಕು ಸಾರ್’ ಅಂತ ಮೈಕ್ ಹಿಡಿದು ಅಬ್ಬರಿಸಿದ ಮಹಾನುಭಾವರಿಗೆ ಇದೇ ಬಡಾವಣೆಯಲ್ಲಿ ಮೂರು ಖಾಲಿ ಸೈಟುಗಳಿವೆ. ಮೂರರಲ್ಲೂ ಸೊಂಟದೆತ್ತರ ಪಾರ್ಥೇನಿಯಂ. ಹಸಿರು ಅಂದರೆ ಅದೂ ಹಸಿರೇ, ಬಿಡಿ. ಹೋದ ಮಳೆಗಾಲದಲ್ಲಿ ಅಲ್ಲಿಂದ ಹೊರಟ ಕೊಳಕುಮಂಡಲವೊಂದು ಎದುರು ಮನೆಯವರ ಚಪ್ಪಲಿ ಸ್ಟ್ಯಾಂಡಿನಲ್ಲಿ ಮಲಗಿತ್ತು. ಗದ್ದೆ ಸೈಟಾದರೆ ಅಭಿವೃದ್ಧಿ, ಅದರಲ್ಲಿ ಜನ ಬಂದು ವಾಸ ಮಾಡಿದರೆ ಅನಾಹುತ. ಇದು ಯಾವ ಊರಿನ ನ್ಯಾಯ?

ಬಿಲ್ಡರ್ ಕಣ್ಣು ಹಾಕಿರುವ ಆ ಗದ್ದೆ ಪಾಳು ಬಿದ್ದಿದ್ದು ಹೇಗೆ ಅಂತ ಯಾರೂ ಮಾತಾಡಲಿಲ್ಲ. ವಿಶ್ವೇಶ್ವರಯ್ಯ ನಾಲೆ, ನಮ್ಮ ಹಿರಿಯರ ಬಾಯಲ್ಲಿ ಇರ್ವಿನ್ ನಾಲೆ, ಕೆಆರ್‌ಎಸ್ಸಿನಿಂದ ಹೊರಟು ಹುಲಿಕೆರೆ ಸುರಂಗ ದಾಟಿ ಈ ಕಡೆ ಬರುತ್ತದೆ. ಆ ನೀರು ಇರದಿದ್ದರೆ ಇಲ್ಲಿ ಕಬ್ಬೂ ಇಲ್ಲ, 1933ರ ಮೈಷುಗರ್ ಕಾರ್ಖಾನೆಯೂ ಇಲ್ಲ. ಅಷ್ಟು ದೂರದಿಂದ ಬಂದ ನೀರು ನಮ್ಮ ಮೂರನೇ ಕ್ರಾಸಿನಲ್ಲಿ ನಿಂತುಹೋಯಿತು. ಗದ್ದೆಗೆ ಹೋಗುತ್ತಿದ್ದ ಕಾಲುವೆ ಮುಚ್ಚಿ ಮೇಲೆ ಕಾಂಕ್ರೀಟ್ ರಸ್ತೆ ಹಾಕಿದರು. ಮರ್ಯಾದೆಗೆ ಅಂತ ಕಾಂಪೌಂಡ್ ಬುಡದಲ್ಲಿ ಒಂದು ಸಿಮೆಂಟ್ ಪೈಪ್ ಬಿಟ್ಟಿದ್ದಾರೆ. ಬಗ್ಗಿ ನೋಡಿ, ಗುಟ್ಕಾ ಕವರ್, ತೆಂಗಿನ ಚಿಪ್ಪು, ಡೈಪರ್ ಸಿಗುತ್ತದೆ. ನಾಲೆಗೆ ನೀರು ಬಿಟ್ಟರೆ ರಸ್ತೆಗೆ ಉಕ್ಕುತ್ತದೆ, ಆಚೆ ಕಡೆಗೆ ತೊಟ್ಟೂ ಹೋಗಲ್ಲ. ಗದ್ದೆ ನೀರು ಹೊರಗೆ ಹರಿಯುವ ಬಸಿಗಾಲುವೆಯನ್ನೂ ಮುಚ್ಚಿದ್ದರಿಂದ ಮಳೆ ಬಂದರೆ ಮಾತ್ರ ಗದ್ದೆ ತುಂಬ ನೀರು, ಇಳಿಯೋದೇ ಇಲ್ಲ.

ಆ ಗದ್ದೆ ಯಜಮಾನರು ನಿನ್ನೆ ಬಂದಿದ್ದರು. ಹಿಂದೆ ಕಂಬಕ್ಕೆ ಒರಗಿ ಕೂತಿದ್ದರು. ಎಲ್ಲರ ಭಾಷಣ ಮುಗಿದ ಮೇಲೆ ‘ನಾಕು ವರ್ಸದಿಂದ ನಾಟಿ ಹಾಕಿಲ್ಲ ಕಣ್ರಪ್ಪ. ಗದ್ದೆ ಉಳೀಬೇಕು ಅಂದ್ರೆ ನೀರು ಬುಡಿ, ನಾನೇ ಮಾಡ್ತೀನಿ’ ಅಂದರು. ಯಾರೂ ಉಸಿರೆತ್ತಲಿಲ್ಲ. ಬಡಾವಣೆ ಸಂಘದ ಕಾರ್ಯದರ್ಶಿಗಳು ಕಾಫಿ ಹಂಚಿಸಿದರು.

2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಿತ್ತು ಹಾಕಿ, ಯಾರು ಬೇಕಾದರೂ ಕೃಷಿ ಭೂಮಿ ಕೊಳ್ಳಬಹುದು ಅಂತ ಮಾಡಿದರಲ್ಲ, ಆಗ ರೈತ ಸಂಘದವರು ಬೀದಿಗಿಳಿದಿದ್ದರು. ನಮ್ಮ ಬಡಾವಣೆಯಿಂದ ಎಷ್ಟು ಜನ ಹೋಗಿದ್ದರು? ವಾಟ್ಸಾಪ್ ಗ್ರೂಪಿನಲ್ಲಿ ಟ್ರಾಫಿಕ್ ಜಾಮ್ ಅಂತ ಬೈದವರು ಮಾತ್ರ ಚೆನ್ನಾಗಿ ನೆನಪಿದ್ದಾರೆ.

ಸುಮ್ನೆ ಲೆಕ್ಕ ಹಾಕಿ. ಒಂದು ಎಕರೆ ಅಂದರೆ 43,560 ಚದರಡಿ. ಲೇಔಟ್ ಮಾಡಿದರೆ ರಸ್ತೆ, ಪಾರ್ಕು, ಸಾರ್ವಜನಿಕ ಸೌಲಭ್ಯಕ್ಕೆ ಬಿಡುವ ಸಿಎ ಸೈಟಿಗೆ ಅರ್ಧದ ಹತ್ತಿರ ಹೋಗುತ್ತದೆ. ಉಳಿದಿದ್ದರಲ್ಲಿ 30-40ರ ಸೈಟು 20 ಆದರೆ ಹೆಚ್ಚು. ಅಷ್ಟೇ ಜಾಗದಲ್ಲಿ 20-30ರ ಸಾಲುಮನೆಗಳು 30ರ ಮೇಲೆ ಕೂರುತ್ತವೆ. ಊರು ಬೆಳೆಯೋದು ನಿಲ್ಲಲ್ಲ. ಬೆಳೆಯೋದೇ ಆದರೆ ಕಡಿಮೆ ಗದ್ದೆ ತಿಂದು ಬೆಳೆಯಲಿ ಅನ್ನೋದು ತಪ್ಪಾ?

‘ಗೋಡೆಗೆ ಗೋಡೆ ಅಂಟಿದ ಮನೆ ನಮ್ಮ ಸಂಸ್ಕೃತಿ ಅಲ್ಲ’ ಅಂತ ಇನ್ನೊಬ್ಬರು. ಸ್ವಾಮಿ, ಮೇಲುಕೋಟೆಯ ಹಳೇ ಬೀದಿಗಳಲ್ಲಿ ಒಂದು ರೌಂಡ್ ಹೊಡೆದು ಬನ್ನಿ. ಜಗಲಿಗೆ ಜಗಲಿ ತಾಗಿಕೊಂಡೇ ಎಷ್ಟು ತಲೆಮಾರು ಬಾಳಿದ್ದಾರೆ ನೋಡಿ.

ಯುಜಿಡಿ ಅಂದರೆ ಒಳಚರಂಡಿ ಇಲ್ಲ, ಕಾವೇರಿ ನೀರು ಈಗಲೇ ಸಾಲಲ್ಲ, ಅಷ್ಟು ಮನೆ ಬಂದರೆ ಗತಿ ಏನು ಅಂತ ಕೇಳಿದವರೂ ಇದ್ದರು. ನಿಜ, ಇಡೀ ಮೀಟಿಂಗಿನಲ್ಲಿ ತೂಕ ಇದ್ದ ಮಾತು ಇದೊಂದೇ. ಆದರೆ ನಾವು ಮನೆ ಕಟ್ಟಿದಾಗ ಯುಜಿಡಿ ಎಲ್ಲಿತ್ತು? ಎಲ್ಲರೂ ಪಿಟ್ ತೋಡಿಸಿ, ತುಂಬಿದಾಗ ಟ್ಯಾಂಕರ್ ಕರೆಸಿಕೊಂಡೇ ಬಂದವರು ಅಲ್ವಾ? ಅದು ಬಿಲ್ಡರ್‌ಗೆ ಹಾಕಬೇಕಾದ ಷರತ್ತು. ಅದನ್ನೇ ಮುಂದಿಟ್ಟುಕೊಂಡು ಬಾಗಿಲು ಹಾಕೋದಲ್ಲ.

ನನಗೂ ಇದರಲ್ಲಿ ಸ್ವಾರ್ಥ ಇದೆ, ಮುಚ್ಚಿಡಲ್ಲ. ತಮ್ಮ ದಿನಾ ಬೆಂಗಳೂರು ರೈಲಿಗೆ ಓಡುತ್ತಾನೆ, ಬಾಡಿಗೆ ಮನೆ, ಎರಡು ಮಕ್ಕಳು. ನೂರಡಿ ರಸ್ತೆ ಕಡೆ ಸೈಟು ಕೇಳೋಕೆ ಹೋಗಿ, ರೇಟು ಕೇಳಿ ಬಾಯಿ ಮುಚ್ಚಿಕೊಂಡು ಬಂದ. ಸಣ್ಣ ಮನೆಯಾದರೆ ಅವನಿಗೂ ಎಟುಕಬಹುದು. ಇನ್ನು ನಮ್ಮಪ್ಪನಿಗೂ ಗದ್ದೆ ಇತ್ತು. ಅದೂ ಸೈಟಾಯಿತು. ಆ ದುಡ್ಡಲ್ಲೇ ತಂಗಿ ಮದುವೆ, ನನ್ನ ಇಂಜಿನಿಯರಿಂಗ್ ಫೀಸು. ಮಾರಿದ ಮೇಲೆ ಅಪ್ಪ ಆ ರಸ್ತೆಯಲ್ಲಿ ಓಡಾಡಲೇ ಇಲ್ಲ, ಪೇಟೆಗೆ ಸುತ್ತು ಹಾಕಿಕೊಂಡೇ ಹೋಗುತ್ತಿದ್ದರು. ಗದ್ದೆ ಹೋದರೆ ಏನಾಗುತ್ತದೆ ಅಂತ ಸೈಟು ಬೇಲಿ ಹಾಕಿ ರೇಟು ಏರೋದನ್ನೇ ಕಾಯುವವರಿಂದ ನಾನು ಪಾಠ ಹೇಳಿಸಿಕೊಳ್ಳಬೇಕಿಲ್ಲ.

ಮೀಟಿಂಗಿನಲ್ಲಿ ಆಕ್ಷೇಪಣೆಗೆ ಸಹಿ ಹಾಕು ಅಂದರು, ಹಾಕಲಿಲ್ಲ. ನನ್ನದೇ ಅರ್ಜಿ ಬರೆದಿದ್ದೇನೆ. ಯುಜಿಡಿ ಲೈನಿನ ಖರ್ಚು ಬಿಲ್ಡರ್ ಕೊಡಲಿ, ಮಳೆ ನೀರಿಗೆ ದಾರಿ ಬಿಡಲಿ. ಕೊನೆಗೆ ಇನ್ನೊಂದು: ನಮ್ಮ ಬಡಾವಣೆ ಕೆಳಗೆ ಹೂತಿರುವ ಕಾಲುವೆಯನ್ನು ಸರ್ವೆ ಮಾಡಿಸಿ ತೆರವು ಮಾಡಿ, ಆಚೆ ಇನ್ನೂ ನಾಟಿ ಮಾಡುತ್ತಿರುವವರಿಗಾದರೂ ನೀರು ಹೋಗಲಿ. ಮೂರನೇ ಕ್ರಾಸಿನಲ್ಲಿ ಅದು ಯಾರ ಕಾರ್ ಶೆಡ್ ಕೆಳಗೆ ಬರುತ್ತದೆ ಅಂತ ಬಡಾವಣೆ ಸಂಘದ ಅಧ್ಯಕ್ಷರಿಗೆ ಚೆನ್ನಾಗಿ ಗೊತ್ತು.