ಕಾಗದದ ಏಳು ಜನ್ಮ

ಮೂಲೆಯಲ್ಲಿ ಪೇರಿಸಿಟ್ಟ ಹಳೆಯ ಪತ್ರಿಕೆಗಳ ರಾಶಿಯ ಮೇಲೆ ನನಗೆ ಮೊದಲಿನಿಂದಲೂ ಒಂದು ಬಗೆಯ ಗೌರವ. ಅದರಲ್ಲಿ ಅಚ್ಚಾದ ಚುನಾವಣಾ ಭವಿಷ್ಯಗಳು ಸುಳ್ಳಾಗಿರುತ್ತವೆ, ಸಂಪಾದಕೀಯ ಹಳಸಿರುತ್ತದೆ, ಜಾಹೀರಾತಿನ ರಿಯಾಯಿತಿಯ ಗಡುವು ಮುಗಿದು ಎಷ್ಟೋ ಕಾಲವಾಗಿರುತ್ತದೆ. ಆದರೂ ಅದನ್ನು ಕೊಳ್ಳುವವರಿದ್ದಾರೆ. ಕೊಳ್ಳುವವರು ಒಳಗೆ ಏನು ಬರೆದಿದೆ ಎಂದು ಕೇಳುವುದಿಲ್ಲ. ಮಹಾಕಾವ್ಯವಾದರೂ ಸರಿ, ರೈಲಿನ ವೇಳಾಪಟ್ಟಿಯಾದರೂ ಸರಿ, ತಕ್ಕಡಿ ಭೇದ ಎಣಿಸುವುದಿಲ್ಲ. ವಿಮರ್ಶಕರಲ್ಲಿ ಇಂಥ ನಿಷ್ಪಕ್ಷಪಾತ ಅಪರೂಪ.

ಪತ್ರಿಕೆಯ ಒಂದು ಹಾಳೆಯನ್ನು ನಿಧಾನವಾಗಿ ಹರಿದು ನೋಡಿ. ಒಂದು ದಿಕ್ಕಿನಲ್ಲಿ ನೆಟ್ಟಗೆ ಸೀಳುತ್ತದೆ. ಅಡ್ಡಲಾಗಿ ಹರಿದರೆ ಅಂಕುಡೊಂಕಾಗಿ ಎಲ್ಲೆಲ್ಲೋ ಹೋಗುತ್ತದೆ. ಹರಿದ ಅಂಚನ್ನು ಬೆಳಕಿಗೆ ಹಿಡಿದರೆ ನವಿರಾದ ನಾರುಗಳು ಎದ್ದು ನಿಂತಿರುವುದು ಕಾಣುತ್ತದೆ. ಕಾಗದವೆಂದರೆ ಮುಖ್ಯವಾಗಿ ಇಷ್ಟೇ: ಒದ್ದೆಯಾಗಿದ್ದಾಗ ಹರಡಿ, ಒಣಗುವಾಗ ಹೈಡ್ರೋಜನ್ ಬಂಧಗಳೆಂಬ ದುರ್ಬಲ ಸೆಳೆತಗಳಿಂದ ಒಂದನ್ನೊಂದು ಹಿಡಿದುಕೊಂಡ ಸೆಲ್ಯುಲೋಸ್ ಎಂಬ ಸಸ್ಯವಸ್ತುವಿನ ನಾರುಗಳು. ಮತ್ತೆ ನೀರಿನಲ್ಲಿ ನೆನೆಸಿ ಕಲಕಿದರೆ ಹಿಡಿತ ಬಿಡುತ್ತವೆ. ಮರುಬಳಕೆಯ ಗುಟ್ಟೆಲ್ಲ ಈ ಬಿಟ್ಟುಕೊಡುವ ಗುಣದಲ್ಲಿದೆ.

ಹಳೆಯ ಕಾಗದದಿಂದ ಹೊಸದನ್ನು ಮಾಡುವುದು ಈಚಿನ ಪರಿಸರಪ್ರೇಮದ ಕೊಡುಗೆ ಎಂದು ಅನೇಕರು ತಿಳಿದಿದ್ದಾರೆ. ಇತಿಹಾಸ ಹೇಳುವುದು ತಿರುವುಮುರುವು. ಕ್ರಿ.ಶ. 105ರಲ್ಲಿ ಚೀನಾದ ಆಸ್ಥಾನದ ತ್ಸಾಯ್ ಲುನ್ ಕಾಗದದ ವಿಧಾನವನ್ನು ಅರಸನಿಗೆ ಅರಿಕೆ ಮಾಡಿಕೊಂಡಾಗ ಅವನ ಸಾಮಗ್ರಿಗಳಲ್ಲಿ ಮರದ ತೊಗಟೆಯ ಜೊತೆಗೆ ಚಿಂದಿ ಬಟ್ಟೆಯೂ ಹರಿದ ಮೀನಿನ ಬಲೆಯೂ ಇದ್ದವು. ಯುರೋಪ್ ಶತಮಾನಗಳ ಕಾಲ ಚಿಂದಿಯಿಂದಲೇ ಕಾಗದ ಮಾಡಿತು. 1774ರಲ್ಲಿ ಜರ್ಮನಿಯ ಯುಸ್ಟುಸ್ ಕ್ಲಾಪ್ರೋತ್ ಎಂಬ ಕಾನೂನು ಪಂಡಿತ ಅಚ್ಚಾದ ಕಾಗದದಿಂದ ಶಾಯಿ ತೆಗೆದು ಮತ್ತೆ ಕಾಗದ ಮಾಡುವ ಬಗೆಯನ್ನು ಪ್ರಕಟಿಸಿದ. (ಕಡತಗಳ ನಡುವೆ ಬದುಕಿದವನಿಗೆ ಅಂಥ ಆಸೆ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.) ಮರವನ್ನು ಅರೆದು ತಿರುಳು ಮಾಡುವ ಯಂತ್ರ ಬಂದದ್ದು 1840ರ ದಶಕದಲ್ಲಿ. ಅಂದರೆ ಕಾಗದ ಹುಟ್ಟಿದ್ದೇ ಕಸದಿಂದ. ಕಾಡಿಗೆ ಕೈಹಾಕಿದ್ದು ಬಹಳ ತಡವಾಗಿ.

ಶಾಯಿ ತೆಗೆಯುವ ಕೆಲಸ ನೋಡಲು ಸೊಗಸು. ರದ್ದಿಯನ್ನು ದೊಡ್ಡ ತೊಟ್ಟಿಯಲ್ಲಿ ಕಲಕಿ ಗಂಜಿಯ ಹದಕ್ಕೆ ತರುತ್ತಾರೆ. ಜರಡಿಗಳು ಪಿನ್ನು, ಪ್ಲಾಸ್ಟಿಕ್ಕುಗಳನ್ನು ಹಿಡಿಯುತ್ತವೆ. ಆಮೇಲೆ ಸಾಬೂನಿನಂಥ ದ್ರಾವಣ ಬೆರೆಸಿ ತಳದಿಂದ ಗಾಳಿ ಊದುತ್ತಾರೆ. ಶಾಯಿಯ ಕಣಗಳು ಗುಳ್ಳೆಗಳಿಗೆ ಅಂಟಿಕೊಂಡು ಮೇಲೇರುತ್ತವೆ. ಕಪ್ಪು ನೊರೆಯನ್ನು ಮೇಲಿನಿಂದ ಕೆನೆಯಂತೆ ಎತ್ತಿ ತೆಗೆದರೆ ಕೆಳಗೆ ಉಳಿಯುವುದು ಬಹುಮಟ್ಟಿಗೆ ಬರಿಯ ನಾರು. ಒಂದು ವರ್ಷದ ವಾದ, ವಿವಾದ, ಮರಣವಾರ್ತೆ, ಪದಬಂಧ ಎಲ್ಲವೂ ಆ ನೊರೆಯಲ್ಲಿ ಹೋಗುತ್ತದೆ.

ಲಾಭದ ಮಾತು. ಒಂದು ಟನ್ ಕಾಗದ ಮರುಬಳಕೆಯಾದರೆ 17 ಮರ ಉಳಿಯುತ್ತದೆ ಎಂಬ ಲೆಕ್ಕ ಎಲ್ಲೆಡೆ ಓಡಾಡುತ್ತದೆ. ಯಾವ ಮರ, ಎಷ್ಟು ದಪ್ಪದ್ದು ಎಂದು ಯಾರೂ ಹೇಳದಿರುವುದರಿಂದ ನಾನು ಅದನ್ನು ಸ್ವಲ್ಪ ಅನುಮಾನದಿಂದಲೇ ಕೇಳುತ್ತೇನೆ. ಶಕ್ತಿಯ ಉಳಿತಾಯದ ಲೆಕ್ಕವೂ ಅಷ್ಟು ಸರಳವಲ್ಲ. ಮರವನ್ನು ಬೇಯಿಸಿ ನಾರು ತೆಗೆಯುವ ಗಿರಣಿಗಳು ಉಳಿದ ಕಪ್ಪು ದ್ರವವನ್ನೇ ಉರಿಸಿ ತಮ್ಮ ಶಕ್ತಿಯ ಬಹುಪಾಲನ್ನು ಪಡೆಯುತ್ತವೆ. ರದ್ದಿಯ ಗಿರಣಿಗೆ ಆ ಸೌಕರ್ಯವಿಲ್ಲ. ಆದರೆ ಮರವನ್ನು ಅರೆದು ಮಾಡುವ ಪತ್ರಿಕಾ ಕಾಗದಕ್ಕೆ ವಿಪರೀತ ವಿದ್ಯುತ್ ಬೇಕು, ಅಲ್ಲಿ ರದ್ದಿಯ ಉಳಿತಾಯ ಪ್ರಶ್ನಾತೀತ. ನೀರೂ ಕಡಿಮೆ ಸಾಕು. ಕಸದ ಗುಂಡಿಯಲ್ಲಿ ಹೂತ ಕಾಗದ ಗಾಳಿಯಿಲ್ಲದೆ ಕೊಳೆತು ಭೂಮಿಯ ಬಿಸಿ ಏರಿಸುವ ಮೀಥೇನ್ ಅನಿಲ ಬಿಡುತ್ತದೆ. ಗಿರಣಿಗೆ ಹೋದರೆ ಆ ಪೀಡೆಯಿಲ್ಲ. ಕೆಲಸದ ಲೆಕ್ಕದಲ್ಲೂ ಅಷ್ಟೇ. ಗುಂಡಿಗೆ ಸುರಿಯಲು ಒಂದು ಲಾರಿ ಸಾಕು. ಆಯಲು, ಬೇರ್ಪಡಿಸಲು, ಕಟ್ಟಲು, ಸಾಗಿಸಲು ಬಹಳ ಕೈಗಳು ಬೇಕು, ಅಷ್ಟೂ ಕೈಗಳಿಗೆ ಕೂಲಿ ಸಿಗುತ್ತದೆ.

ಹಾಗೆಂದು ಎಲ್ಲ ರದ್ದಿಯೂ ಹಣವಲ್ಲ. 2018ರಲ್ಲಿ ಚೀನಾ ಬೇರ್ಪಡಿಸದ ರದ್ದಿಯ ಆಮದನ್ನು ನಿಷೇಧಿಸಿದಾಗ ಪಶ್ಚಿಮದ ಎಷ್ಟೋ ನಗರಗಳು ತಮ್ಮ ರಾಶಿಗಳ ಮುಂದೆ ಕೈಕಟ್ಟಿ ನಿಂತವು. ಅಲ್ಲಿಯವರೆಗೆ ಮಾರಾಟವಾಗುತ್ತಿದ್ದದ್ದು ಕಾಗದದ ಜೊತೆ ಅಷ್ಟಿಷ್ಟು ಕಸವೂ ಎಂಬುದು ಆಗ ಬಯಲಾಯಿತು. ಎಣ್ಣೆ ಹೀರಿದ ಪೆಟ್ಟಿಗೆ, ಒಳಗೆ ಪ್ಲಾಸ್ಟಿಕ್ ಪದರವಿರುವ ಲೋಟ, ಅಂಟುಪಟ್ಟಿ ಸುತ್ತಿದ ಲಕೋಟೆ, ಇವೆಲ್ಲ ಕಾಗದದ ವೇಷದಲ್ಲಿ ಬರುವ ಶತ್ರುಗಳು. ಅಂಗಡಿಯ ರಸೀದಿಯ ಮೇಲೆ ಉಗುರಿನಿಂದ ಜೋರಾಗಿ ಗೀರಿ ನೋಡಿ, ಕಪ್ಪು ಗೆರೆ ಮೂಡಿದರೆ ಅದು ಬಿಸಿಗೆ ಬಣ್ಣ ಬದಲಿಸುವ ರಾಸಾಯನಿಕ ಬಳಿದ ಕಾಗದ. ಅದಕ್ಕೆ ರದ್ದಿಯ ರಾಶಿಯಲ್ಲಿ ಜಾಗವಿಲ್ಲ.

ನಾರಿಗೂ ಆಯುಷ್ಯವಿದೆ. ಪ್ರತಿ ಸಲ ಕಲಕಿದಾಗ ತುಸು ತುಂಡಾಗುತ್ತದೆ, ಪ್ರತಿ ಸಲ ಒಣಗಿದಾಗ ತುಸು ಬಿರುಸಾಗುತ್ತದೆ. ಐದರಿಂದ ಏಳು ಜನ್ಮ ಎಂಬುದು ರೂಢಿಯ ಅಂದಾಜು. ಬರೆಯುವ ಹಾಳೆಯಾಗಿ ಮೆರೆದದ್ದು ಮುಂದೆ ಪತ್ರಿಕೆಯೋ ರಟ್ಟೋ ಆಗಿ, ಕೊನೆಗೆ ಮೊಟ್ಟೆಯ ತಟ್ಟೆಯಾಗಿ ಮುಗಿಯಬಹುದು. ಹಾಗಾಗಿ ಎಲ್ಲೋ ಒಂದು ಕಡೆ ಹೊಸ ನಾರು ಬೆರೆಯುತ್ತಲೇ ಇರಬೇಕು. ಮರ ಪೂರ್ತಿ ಪಾರಾಗುವುದಿಲ್ಲ.

ಈ ಆಯುಷ್ಯವನ್ನು ವೃಥಾ ಕಡಿಮೆ ಮಾಡುವವರ ಪೈಕಿ ನನಗೆ ಹೆಚ್ಚು ಸಿಟ್ಟು ಬರುವುದು ಕಂಡದ್ದನ್ನೆಲ್ಲ ಹರಿದು ಚೂರು ಮಾಡುವವರ ಮೇಲೆ. ಚೂರು ಕಾಗದ ವಿಂಗಡಣೆಯ ಯಂತ್ರದ ಸಂದಿಗಳಲ್ಲಿ ಬಿದ್ದುಹೋಗುತ್ತದೆ, ನಾರೂ ಮೊಟಕಾಗುತ್ತದೆ. ಬ್ಯಾಂಕಿನ ಕಾಗದ, ಹಳೆಯ ಪ್ರೇಮಪತ್ರ ಹರಿಯಲಿ, ಬೇಡ ಎನ್ನುವುದಿಲ್ಲ. ಮದುವೆಯ ಆಮಂತ್ರಣವನ್ನೂ ಹದಿನಾರು ತುಂಡು ಮಾಡುವವರು ಯಾರಿಂದ ಏನನ್ನು ಮುಚ್ಚಿಡುತ್ತಿದ್ದಾರೋ!