ಗ್ರಿಡ್‌ನ ಭದ್ರತೆ ದಾಖಲೆಯಲ್ಲಿದ್ದರೆ ಸಾಲದು

ವಿದ್ಯುತ್ತಿನ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆ ಬಹುಪಾಲು ಮೆಗಾವ್ಯಾಟ್ ಲೆಕ್ಕದಲ್ಲೇ ಮುಗಿದುಹೋಗುತ್ತದೆ. ಎಷ್ಟು ಉತ್ಪಾದನೆ, ಎಷ್ಟು ಕೊರತೆ, ಯೂನಿಟ್ಟಿಗೆ ಎಷ್ಟು ದರ ಎಂಬುದರಾಚೆಗೆ ಮಾತು ಹೋಗುವುದೇ ಅಪರೂಪ. ಆದರೆ ದೊಡ್ಡ ಗ್ರಿಡ್‌ಗಳು, ಅಂದರೆ ವಿದ್ಯುತ್ ಜಾಲಗಳು, ಕುಸಿದ ಸಂದರ್ಭಗಳನ್ನು ನೋಡಿದರೆ, ಇದೆಯೆಂದು ಬರೆದಿಟ್ಟ ರಕ್ಷಣೆ ಆ ಕ್ಷಣಕ್ಕೆ ಕೈಕೊಟ್ಟಿರುವುದೇ ಹೆಚ್ಚಾಗಿ ಕಾಣುತ್ತದೆ.

2012ರ ಜುಲೈ 30ರ ನಸುಕಿನ 2.33ಕ್ಕೆ ಉತ್ತರ ಗ್ರಿಡ್ ಬಿತ್ತು. ಮರುದಿನ ಮಧ್ಯಾಹ್ನ ಉತ್ತರದ ಜೊತೆಗೆ ಪೂರ್ವ ಮತ್ತು ಈಶಾನ್ಯ ಗ್ರಿಡ್‌ಗಳೂ ಕುಸಿದು, ಅರುವತ್ತು ಕೋಟಿಗೂ ಹೆಚ್ಚು ಜನರಿರುವ ಪ್ರದೇಶದಲ್ಲಿ ಕರೆಂಟ್ ಹೋಯಿತು. ಎರಡೂ ದಿನ ಕುಸಿತಕ್ಕೆ ನಾಂದಿಯಾದದ್ದು ಬೀನಾ–ಗ್ವಾಲಿಯರ್ ನಡುವಿನ 400 ಕೆವಿ ಲೈನ್ ಟ್ರಿಪ್ ಆದದ್ದು, ಅಂದರೆ ರಕ್ಷಣಾ ಸಾಧನ ಅದನ್ನು ತಾನಾಗಿಯೇ ಕಡಿದದ್ದು. ಆ ಲೈನಿನಲ್ಲಿ ಶಾರ್ಟ್ ಸರ್ಕಿಟ್‌ನಂಥ ಯಾವ ಫಾಲ್ಟೂ ಇರಲಿಲ್ಲ. ಲೈನನ್ನು ಕಾಯುವ ಡಿಸ್ಟೆನ್ಸ್ ರಿಲೇ ಎಂಬ ಸಾಧನ ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿ ಬರುವ ಇಂಪೀಡೆನ್ಸ್ ನೋಡಿ, ಅದು ತೀರಾ ಕಡಿಮೆಯಾದರೆ ಫಾಲ್ಟ್ ಎಂದು ತೀರ್ಮಾನ ಮಾಡುತ್ತದೆ; ಸುತ್ತಲಿನ ಹಲವು ಲೈನ್‌ಗಳು ಸೇವೆಯಲ್ಲಿಲ್ಲದೆ ಇದೊಂದರ ಮೇಲೆಯೇ ಭಾರ ಬಿದ್ದಾಗ, ಕರೆಂಟ್ ಏರಿ, ವೋಲ್ಟೇಜ್ ಇಳಿದು, ಆ ಸಂಖ್ಯೆ ಕುಗ್ಗಿ, ರಿಲೇ ಲೋಡನ್ನೇ ಫಾಲ್ಟ್ ಎಂದು ಬಗೆಯಿತು. ನಿಗದಿಗಿಂತ ಹೆಚ್ಚು ಎಳೆಯುವುದನ್ನು ನಿಲ್ಲಿಸಿ ಎಂಬ ಸೂಚನೆಗೆ ರಾಜ್ಯಗಳು ತಕ್ಕಷ್ಟು ಸ್ಪಂದಿಸಿರಲಿಲ್ಲ. ಬೇಡಿಕೆ ಉತ್ಪಾದನೆಯನ್ನು ಮೀರಿ ಫ್ರೀಕ್ವೆನ್ಸಿ (ಗ್ರಿಡ್‌ನ ಕರೆಂಟ್ ಸೆಕೆಂಡಿಗೆ ಮಿಡಿಯುವ ಸಂಖ್ಯೆ) ಬಿದ್ದಾಗ ತಾವಾಗಿಯೇ ಊರು, ಬಡಾವಣೆಗಳಿಗೆ ವಿದ್ಯುತ್ ಒಯ್ಯುವ ಫೀಡರ್‌ಗಳನ್ನು ಕಡಿದು ಉಳಿದದ್ದನ್ನು ಕಾಪಾಡಬೇಕಿದ್ದ ಅಂಡರ್ ಫ್ರೀಕ್ವೆನ್ಸಿ ರಿಲೇಗಳು ದಾಖಲೆಯಲ್ಲಿದ್ದವು, ಬೇಕಾದಷ್ಟು ಲೋಡ್ ಮಾತ್ರ ಕಡಿಮೆಯಾಗಲಿಲ್ಲ.

ಆಗ ದಕ್ಷಿಣಕ್ಕೆ ಏನೂ ಆಗಲಿಲ್ಲ. ಅದು ನಮ್ಮ ಜಾಣತನವೇನಲ್ಲ. ನಾವು ಉಳಿದ ದೇಶಕ್ಕೆ ಡಿಸಿ (ನೇರ ವಿದ್ಯುತ್) ಸಂಪರ್ಕದ ಮೂಲಕವಷ್ಟೇ ಜೋಡಣೆಯಾಗಿದ್ದೆವು; ಅದರಲ್ಲಿ ಒಂದು ಕಡೆಯ ಫ್ರೀಕ್ವೆನ್ಸಿಯ ಏರಿಳಿತ ಇನ್ನೊಂದು ಕಡೆಗೆ ದಾಟುವುದಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ 765 ಕೆವಿ ಲೈನ್ ಚಾಲೂ ಆದ ಮೇಲೆ ಇಡೀ ದೇಶ ಒಂದೇ ಫ್ರೀಕ್ವೆನ್ಸಿಯಲ್ಲಿ ನಡೆಯುತ್ತಿದೆ. ಆಸರೆಯೂ ದೊಡ್ಡದಾಯಿತು, ಅಪಾಯವೂ ಹಂಚಿಕೆಯಾಯಿತು.

2025ರ ಏಪ್ರಿಲ್ 28ರಂದು ಸ್ಪೇನ್ ಮತ್ತು ಪೋರ್ಚುಗಲ್ ಕತ್ತಲಾದಾಗ, ಸೌರ ವಿದ್ಯುತ್ತೇ ಕಾರಣ ಎಂದು ಒಂದು ಗುಂಪು, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಎಂದು ಇನ್ನೊಂದು ಗುಂಪು ಜಗಳಕ್ಕೆ ನಿಂತವು. ತನಿಖೆಯಲ್ಲಿ ಹೊರಬಿದ್ದದ್ದು ವೋಲ್ಟೇಜ್ ಏರಿಕೆಯ ಸರಪಳಿ. ವೋಲ್ಟೇಜ್ ಮಿತಿಮೀರಿ ಕೆಲವು ಸ್ಥಾವರಗಳು ಟ್ರಿಪ್ ಆದವು, ಅವು ಹೋದದ್ದರಿಂದ ವೋಲ್ಟೇಜ್ ಇನ್ನಷ್ಟು ಏರಿ ಮತ್ತಷ್ಟು ಸ್ಥಾವರಗಳು ಹೊರಬಿದ್ದವು. ವೋಲ್ಟೇಜ್ ಹಿಡಿತದಲ್ಲಿಡಬೇಕಿದ್ದ ಸಾಂಪ್ರದಾಯಿಕ ಸ್ಥಾವರಗಳಲ್ಲಿ ಕೆಲವು ಆ ಕೆಲಸವನ್ನು ಸರಿಯಾಗಿ ಮಾಡಿರಲಿಲ್ಲ ಎಂದು ಸ್ಪೇನ್ ಸರ್ಕಾರದ ವರದಿ ಹೇಳಿತು. ಸೌರ ಸ್ಥಾವರಗಳಿಗಂತೂ ಆ ಕೆಲಸ ಮಾಡಲು ಅಲ್ಲಿನ ನಿಯಮವೇ ಅವಕಾಶ ಕೊಟ್ಟಿರಲಿಲ್ಲ. ಇದಕ್ಕೆ ಸೂರ್ಯನನ್ನು ದೂರುವುದು ಸೋಮಾರಿತನ ಎಂಬುದು ನನ್ನ ಅನಿಸಿಕೆ.

ಕರ್ನಾಟಕಕ್ಕೆ ಇದು ದೂರದ ಸುದ್ದಿಯಲ್ಲ. ಪಾವಗಡದ ಸೌರ ಪಾರ್ಕ್ ಒಂದರ ಸಾಮರ್ಥ್ಯವೇ 2,050 ಮೆಗಾವ್ಯಾಟ್. ಶರಾವತಿಯ ಟರ್ಬೈನ್‌ಗಳ ತೂಕ ತಿರುಗುತ್ತಲೇ ಫ್ರೀಕ್ವೆನ್ಸಿಯ ಕುಸಿತವನ್ನು ನಿಧಾನಗೊಳಿಸುತ್ತದೆ. ಸೌರ ವಿದ್ಯುತ್ತನ್ನು ಗ್ರಿಡ್‌ಗೆ ಒಗ್ಗುವಂತೆ ಬದಲಿಸುವ ಇನ್ವರ್ಟರ್‌ನಲ್ಲಿ ತಿರುಗುವುದು ಏನೂ ಇಲ್ಲ, ಅದು ಸಾಫ್ಟ್‌ವೇರ್ ಸೆಟ್ಟಿಂಗ್ ಹೇಳಿದಂತೆ ನಡೆಯುತ್ತದೆ. ವೋಲ್ಟೇಜ್ ಕ್ಷಣಕಾಲ ಕುಸಿದರೂ ಇಂಥ ಸ್ಥಾವರಗಳು ಗ್ರಿಡ್‌ನಲ್ಲೇ ಉಳಿಯಬೇಕೆಂಬ ನಿಯಮ ನಮ್ಮಲ್ಲಿ ಇದೆ. ಹಾಗಿದ್ದೂ ರಾಜಸ್ಥಾನದಲ್ಲಿ 2022ರಿಂದ ಈಚೆಗೆ ಸಾವಿರ ಮೆಗಾವ್ಯಾಟ್‌ಗೂ ಹೆಚ್ಚು ಸೌರ ಉತ್ಪಾದನೆ ಒಮ್ಮೆಗೇ ಕಡಿದುಹೋದ ಪ್ರಸಂಗಗಳು ಪದೇ ಪದೇ ನಡೆದಿವೆ.

ಆದ್ದರಿಂದ ಸ್ಥಾವರ ಹೇಗೆ ವರ್ತಿಸೀತು ಎಂದು ಕಂಪ್ಯೂಟರ್ ಮಾಡೆಲ್‌ನಲ್ಲಿ ಲೆಕ್ಕಹಾಕಿದ ಸಿಮ್ಯುಲೇಶನ್ ವರದಿಯನ್ನಷ್ಟೇ ನೋಡಿ ಅದರ ಒಪ್ಪಿಗೆಗೆ ಸಹಿ ಹಾಕುವ ಕ್ರಮ ನಿಲ್ಲಬೇಕು. ಪ್ರತಿ ದೊಡ್ಡ ಟ್ರಿಪ್ಪಿಂಗ್ ಆದ ಮೇಲೆ ರೆಕಾರ್ಡರ್‌ನಲ್ಲಿ ದಾಖಲಾದದ್ದನ್ನು ಸ್ಥಾವರ ಕೊಟ್ಟ ಮಾಡೆಲ್ ಜೊತೆ ಹೋಲಿಸಿ, ಫಲಿತಾಂಶವನ್ನು ಜನರ ಮುಂದಿಡಬೇಕು. ಅಂಡರ್ ಫ್ರೀಕ್ವೆನ್ಸಿ ರಿಲೇ ಇರುವ ಫೀಡರ್‌ಗಳಲ್ಲಿ ಯಾವ ಹೊತ್ತಿಗೆ ಎಷ್ಟು ಲೋಡ್ ಇರುತ್ತದೆ ಎಂಬುದನ್ನೂ ಮತ್ತೆ ಅಳೆಯಬೇಕು. ಪಂಪ್‌ಸೆಟ್ಟಿನ ಫೀಡರ್‌ಗೆ ಸರದಿ ಮುಗಿದು ಸಪ್ಲೈ ನಿಂತಿರುವಾಗ ರಿಲೇ ಅದನ್ನು ಕಡಿದರೆ ಕಡಿಮೆಯಾಗುವ ಲೋಡ್ ಸೊನ್ನೆ. ಮನೆಮನೆಯ ಮೇಲೂ ಸೋಲಾರ್ ಇರುವ ಬಡಾವಣೆಯ ಫೀಡರನ್ನು ನಡುಮಧ್ಯಾಹ್ನ ಕಡಿದರೆ, ಗ್ರಿಡ್‌ಗೆ ಬರುತ್ತಿದ್ದ ವಿದ್ಯುತ್ತನ್ನೇ ಕಡಿದಂತಾಗುತ್ತದೆ.