ಬಾ, ಬೇಡ, ಬಿಡು ಮತ್ತು ನನ್ನ ಏಳು ದಿನದ ಸುಳ್ಳು

ನಾಯಿಗೆ ಟ್ರೈನಿಂಗ್ ಕೊಡುವ ಕೋರ್ಸ್ ಒಂದನ್ನು ನಾನೇ ಮಾಡಿದ್ದು ಇಲ್ಲಿ ಹಲವರಿಗೆ ಗೊತ್ತು. 14 ವಿಡಿಯೋ, ಪೂರ್ತಿ ಕನ್ನಡ, 799 ರೂಪಾಯಿ. ಅದನ್ನು ಮಾರಲು ಇದೇ ಫೇಸ್‌ಬುಕ್‌ನಲ್ಲಿ ಜಾಹೀರಾತು ಹಾಕಿದ್ದೆ. ಅದರಲ್ಲಿ ಒಂದು ಸುಳ್ಳಿತ್ತು. ಇವತ್ತು ಅದನ್ನು ಬರೆದುಬಿಡೋಣ ಅಂತ ಕೂತಿದ್ದೇನೆ.

ಮೊದಲು ಕನ್ನಡದ ವಿಷಯ. ನಮ್ಮ ಮೈಸೂರಿನಲ್ಲಿ ಬೆಳಿಗ್ಗೆ ವಾಕಿಂಗ್ ಹೋದರೆ ಒಂದು ತಮಾಷೆ ಕಾಣುತ್ತದೆ. ಹೆಂಡತಿ, ಮಕ್ಕಳು, ಹಾಲಿನವನು ಎಲ್ಲರ ಜೊತೆ ಕನ್ನಡ ಮಾತಾಡುವವರು ನಾಯಿ ಜೊತೆ ಮಾತ್ರ ಇಂಗ್ಲಿಷ್. ಸಿಟ್, ಸ್ಟೇ, ನೋ ನೋ, ಕಮ್ ಹಿಯರ್. ಮನೆಯಲ್ಲಿ ಇಡೀ ದಿನ ನಾಯಿ ಜೊತೆ ಇರುವುದು ಅಜ್ಜಿ. ಅವರು ‘ಕೂತ್ಕೊಳೋ’ ಅಂದರೆ ನಾಯಿ ಸುಮ್ನೆ ಮುಖ ನೋಡುತ್ತದೆ. ಅದಕ್ಕೇ ಕನ್ನಡದಲ್ಲಿ ಮಾಡಿದೆ.

ಮೊದಲ ದಿನವೇ ಒಬ್ಬರು ಕೇಳಿದರು, “ನಾಯಿಗೆ ಕನ್ನಡ ಅರ್ಥ ಆಗುತ್ತಾ ಸಾರ್?” ನಾಯಿಗೆ ಭಾಷೆಯ ಗೊಡವೆ ಇಲ್ಲ. ಒಂದು ಸದ್ದು, ಹೇಳಿದ್ದನ್ನು ಮಾಡಿದ ಕೂಡಲೇ ಒಂದು ಚೂರು ಬೇಯಿಸಿದ ಚಿಕನ್ ಲಿವರ್. ಇದೇ ನೂರಾರು ಸಲ ಆಗಬೇಕು. ಆದರೆ ಕನ್ನಡದಲ್ಲಿ ಒಂದು ಪೇಚಿದೆ. ಬಾ, ಬೇಡ, ಬಿಡು, ಮೂರೂ ‘ಬ’ದಿಂದಲೇ ಶುರು. ನಮ್ಮ ಕರಿಯ ಮೊದಲ ತಿಂಗಳು ‘ಬೇಡ’ ಅಂದರೆ ಬಾಲ ಆಡಿಸುತ್ತಾ ಓಡಿ ಬರುತ್ತಿದ್ದ. ಕೊನೆಗೆ ‘ಬೇಡ’ ಕೈಬಿಟ್ಟು ‘ಊಹೂಂ’ ಇಟ್ಟುಕೊಂಡೆ. ನನ್ನ ಕೋರ್ಸಿನಲ್ಲಿ ಇದಕ್ಕಿಂತ ಉಪಯೋಗದ ಮಾತು ಇನ್ನೊಂದಿಲ್ಲ. ಜಾಹೀರಾತಿನಲ್ಲಿ ಮಾತ್ರ ಇದು ಇರಲೇ ಇಲ್ಲ.

ಮೊದಲಿಗೆ ಪೋಸ್ಟ್‌ನ ಕೆಳಗಿರುವ ಬೂಸ್ಟ್ ಬಟನ್ ಒತ್ತಿದೆ, ಅಂದರೆ ದುಡ್ಡು ಕೊಟ್ಟು ಪೋಸ್ಟನ್ನು ಹೆಚ್ಚು ಜನರಿಗೆ ತೋರಿಸುವುದು. 6000 ರೂಪಾಯಿ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಒಟ್ಟು 7080. ಲೈಕ್ ಮಳೆಯೇ ಸುರಿಯಿತು. ಕೊಂಡವರು ಮೂವರು, ಅದರಲ್ಲಿ ಒಬ್ಬ ನನ್ನ ಭಾವಮೈದ. ನಾನು ಆರಿಸಿದ್ದು ಲೈಕ್, ಕಾಮೆಂಟ್ ತರುವ ಗುರಿ. ಹಾಗಾಗಿ ಫೇಸ್‌ಬುಕ್ ಲೈಕ್ ಒತ್ತುವವರನ್ನೇ ಹುಡುಕಿ ತಂದುಕೊಟ್ಟಿತು. ತಪ್ಪು ಅದರದ್ದಲ್ಲ. ಮಾರಾಟ ಬೇಕು ಅಂದರೆ ಫೇಸ್‌ಬುಕ್ ಜಾಹೀರಾತಿಗೆಂದೇ ಇರುವ ಆ್ಯಡ್ಸ್ ಮ್ಯಾನೇಜರ್‌ಗೆ ಹೋಗಿ, ಗುರಿ ಸೇಲ್ಸ್ ಅಂತಲೇ ಆರಿಸಬೇಕು. ಇದು ಗೊತ್ತಾಗುವಷ್ಟರಲ್ಲಿ ದುಡ್ಡು ಖರ್ಚಾಗಿತ್ತು.

ಆಗ ಬೇರೆಯವರು ಏನು ಮಾಡುತ್ತಾರೆ ಅಂತ ನೋಡತೊಡಗಿದೆ. ಎಲ್ಲರದ್ದೂ ಒಂದೇ ಪಾಠ. ಮೂರು ದಿನದಲ್ಲಿ, ಐದು ದಿನದಲ್ಲಿ, ಗ್ಯಾರಂಟಿ. ಕೆಲವರಂತೂ ‘ನೀವು ಆಲ್ಫಾ ಆಗಿ’, ಅಂದರೆ ತೋಳದ ಗುಂಪನ್ನು ಹೆದರಿಸಿ ಆಳುವ ಯಜಮಾನನ ಹಾಗೆ ಆಗಿ ಅಂತ ನಾಯಿಯನ್ನು ನೆಲಕ್ಕೆ ಒತ್ತಿ ಹಿಡಿದು ತೋರಿಸುತ್ತಾರೆ. ಈ ಆಲ್ಫಾ ತೋಳದ ಮಾತನ್ನು 1970ರ ತಮ್ಮ ಪುಸ್ತಕದಿಂದ ಜನಪ್ರಿಯ ಮಾಡಿದವರು ಅಮೆರಿಕದ ತೋಳ ತಜ್ಞ ಡೇವಿಡ್ ಮೆಕ್. ಕಾಡಿನ ತೋಳದ ಗುಂಪು ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳ ಸಂಸಾರ ಅಂತ 1999ರಲ್ಲಿ ಅವರೇ ಬರೆದು ತಿದ್ದಿದರು. ರೀಲ್ಸ್ ಮಾಡುವವರಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಇಷ್ಟೆಲ್ಲಾ ಗೊತ್ತಿದ್ದೂ ನಾನು ಜಾರಿದೆ. ‘ಕೂತ್ಕೋ’ ವಿಡಿಯೋ ಶೂಟ್ ಮಾಡಿದ ದಿನ ಕರಿಯ 12 ಸಲ ಕೂರಲಿಲ್ಲ. ಒಂದು ಸಲ ಟ್ರೈಪಾಡ್ ಮೂಸಿದ. ಒಂದು ಸಲ ಮಲಗಿಯೇಬಿಟ್ಟ. ಒಂದು ಸಲ ಇನ್ನೇನು ಕೂರಬೇಕು, ಅಷ್ಟರಲ್ಲಿ ಬೀದಿಯಲ್ಲಿ “ಸೊಪ್ಪೋ, ದಂಟಿನ್ ಸೊಪ್ಪೋ” ಅಂತ ಅಜ್ಜಿ ಕೂಗಿದರು, ಇವನು ಗೇಟಿಗೆ ಓಡಿದ. ಇನ್ನೊಂದು ಸಲ ಕುಕ್ಕರ್ ಕೂಗಿತು. 13ನೇ ಸಲ ಕೂತ. ಆ 11 ಸೆಕೆಂಡು ಮಾತ್ರ ಕತ್ತರಿಸಿ, ಕೆಳಗೆ ಬರೆದೆ: ‘7 ದಿನದಲ್ಲಿ ನಿಮ್ಮ ನಾಯಿಯೂ ಹೀಗೆ!’

ಗೇಟು ತೆರೆದಿದ್ದರೂ ಕೂತೇ ಇರುವುದನ್ನು ಕಲಿಯಲು ಕರಿಯನಿಗೆ ನಾಲ್ಕು ತಿಂಗಳು ಹಿಡಿದಿತ್ತು.

ಆ ತಿಂಗಳು 41 ಜನ ಕೊಂಡರು. ನಿನ್ನ ಸರ್ಟಿಫಿಕೇಟ್ ಎಲ್ಲಪ್ಪಾ ಅಂತ ಒಬ್ಬರೂ ಕೇಳಲಿಲ್ಲ. ಫೇಸ್‌ಬುಕ್ಕೂ ಕೇಳಲಿಲ್ಲ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷದವರೆಗೆ ದಂಡ ಇದೆ ಅಂತ ಆಮೇಲೆ ಓದಿದೆ. ಆಗ ಬೆನ್ನಲ್ಲಿ ಸ್ವಲ್ಪ ಬೆವರಿದ್ದು ನಿಜ.

ಆದರೆ ನನ್ನನ್ನು ಎಚ್ಚರಿಸಿದ್ದು ಕಾಯ್ದೆ ಅಲ್ಲ, ಹಾಸನದ ಕಡೆಯಿಂದ ಬಂದ ಒಂದು ಫೋನ್. “ಏಳು ದಿನ ಆಯ್ತಲ್ಲಪ್ಪಾ, ಇನ್ನೂ ಗುರ್ ಅಂತಾನೆ” ಅಂದರು ಆಯಮ್ಮ. ಯಾರನ್ನ ನೋಡಿ ಅಂತ ಕೇಳಿದೆ. ಐದು ವರ್ಷದ ಮೊಮ್ಮಗ ತಟ್ಟೆಯ ಹತ್ತಿರ ಹೋದಾಗ. “ಗುರ್ ಅಂದಾಗೆಲ್ಲಾ ಮೂತಿಗೆ ಒಂದು ಏಟು ಹಾಕ್ತೀನಿ. ಈಗ ಸ್ವಲ್ಪ ಕಮ್ಮಿ ಆಗಿದೆ.”

ಕೈ ತಣ್ಣಗಾಯಿತು. ಗುರ್ ಅನ್ನುವುದು ನಾಯಿ ಕೊಡುವ ಎಚ್ಚರಿಕೆ. ಹೊಡೆದು ಅದನ್ನು ನಿಲ್ಲಿಸಿದರೆ ಒಳಗಿನ ಹೆದರಿಕೆ ಹಾಗೇ ಉಳಿಯುತ್ತದೆ. ಮುಂದಿನ ಸಲ ಎಚ್ಚರಿಕೆ ಇಲ್ಲದೆ ಹಲ್ಲೇ ಬೀಳಬಹುದು. “ಹೊಡೀಬೇಡಿ ಅಮ್ಮಾ. ಊಟದ ಹೊತ್ತಿಗೆ ನಾಯಿಯನ್ನ ಬೇರೆ ರೂಮಲ್ಲಿ ಹಾಕಿ, ಬಾಗಿಲು ಮುಚ್ಚಿ. ಮಗೂನ ಹತ್ತಿರ ಬಿಡಬೇಡಿ. ಮೊದಲು ಡಾಕ್ಟರಿಗೆ ತೋರಿಸಿ, ನೋವಿದ್ರೂ ಹಾಗೆ ಮಾಡ್ತವೆ” ಅಂದೆ. ದುಡ್ಡು ವಾಪಸ್ ಹಾಕಿದೆ. ನನ್ನ 14 ವಿಡಿಯೋದಲ್ಲಿ ಇದರ ಬಗ್ಗೆ ಒಂದು ಮಾತೂ ಇಲ್ಲ. ಅದು ಅವರಿಗೆ ಹೇಗೆ ಗೊತ್ತಾಗಬೇಕು? ನನ್ನ ಜಾಹೀರಾತು ನೋಡಿದರೆ ಎಲ್ಲಾ ನಾಯಿಯ ಎಲ್ಲಾ ಕಾಯಿಲೆಗೂ ಮದ್ದು ಇಲ್ಲೇ ಇದೆ ಅನ್ನುವ ಹಾಗಿತ್ತು.

ನೀವೇ ಮಾಡಿದ್ದನ್ನು ನೀವು ಮಾರುವುದರಲ್ಲಿ ನಾಚಿಕೆ ಏನಿಲ್ಲ. ದುಡ್ಡು ಕೊಟ್ಟು ಜಾಹೀರಾತು ಹಾಕುವುದೂ ತಪ್ಪಲ್ಲ. ಆದರೆ ಇದು ಯಾರಿಗೆ ಅಲ್ಲ ಅನ್ನುವ ಸಾಲು ಜಾಹೀರಾತಿನಲ್ಲೇ ಇರಬೇಕು. ದುಡ್ಡು ಕಟ್ಟಿದ ಮೇಲೆ ಓದುವ ಸಣ್ಣ ಅಕ್ಷರದಲ್ಲಿ ಇದ್ದರೆ ಏನು ಬಂತು?

ಹೊಸ ಜಾಹೀರಾತು ಹಾಕಿ ಒಂದು ತಿಂಗಳಾಯಿತು. 13 ಸಲದ್ದನ್ನೂ ಕತ್ತರಿಸದೆ ಹಾಕಿದ್ದೇನೆ, ಕುಕ್ಕರ್ ಸಮೇತ. ಮೇಲಿನ ಸಾಲು: ‘ಕಚ್ಚುವ, ತಟ್ಟೆ ಕಾಯುವ ನಾಯಿಗೆ ಈ ಕೋರ್ಸ್ ಅಲ್ಲ. ಮೊದಲು ವೆಟ್ ಡಾಕ್ಟರ್ ನೋಡಿ.’ ಕೊಂಡವರು ಒಂಬತ್ತು ಜನ. ಹೌದು, 41 ಎಲ್ಲಿ, ಒಂಬತ್ತು ಎಲ್ಲಿ. ಹೊಟ್ಟೆ ಉರಿಯಲಿಲ್ಲ ಅಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಇನ್‌ಬಾಕ್ಸ್‌ನಲ್ಲಿ ಜನ ಈಗ ‘ರೇಟ್ ಎಷ್ಟು’ ಬಿಟ್ಟು ‘ಕುಕ್ಕರ್ ಕೂಗಿದಾಗ ನೀವು ಏನು ಮಾಡಿದ್ರಿ’ ಅಂತ ಕೇಳುತ್ತಾರೆ.

ಸೊಪ್ಪಿನಜ್ಜಿಗೆ ಮೊನ್ನೆ ವಿಡಿಯೋ ತೋರಿಸಿದೆ. ತಮ್ಮ ದನಿ ಕೇಳಿ ಬಾಯಿಗೆ ಸೆರಗು ಹಿಡಿದು ನಕ್ಕರು. ಆಮೇಲೆ ಕೇಳಿದರು, “ಅಲ್ಲಾ ಮಗಾ, ನಿನ್ನ ನಾಯಿ ಕೂರಲ್ಲ ಅಂತ ನೀನೇ ದುಡ್ಡು ಕೊಟ್ಟು ಊರಿಗೆಲ್ಲಾ ತೋರಿಸ್ತೀಯಾ?”

ಹೂಂ ಅಜ್ಜಿ ಅಂದೆ. ಎರಡು ಕಟ್ಟು ದಂಟಿನ ಸೊಪ್ಪು ತಗೊಂಡೆ.